ದೋಣಿಯವನಿಗೆ ‘ಆಗದು’ ಎನ್ನುವ ಅಧಿಕಾರ ಬೇಡವೇ?

ಕಳೆದ ವಾರ ಮೊಮ್ಮಗಳ ಶಾಲೆಯಿಂದ ಪ್ರವಾಸದ ಸುತ್ತೋಲೆಯೊಂದು ಬಂದಿತು. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಮಧ್ಯಾಹ್ನದ ಊಟಕ್ಕೆ ಏನೇನಿರುತ್ತದೆ, ಟೋಪಿ ತರಬೇಕೇ ಬೇಡವೇ ಎಂಬುದೆಲ್ಲ ಅದರಲ್ಲಿ ಸವಿವರವಾಗಿತ್ತು. ಕೊನೆಯಲ್ಲಿ ಒಂದೇ ಸಾಲು: ‘ಸಂಜೆ ದೋಣಿವಿಹಾರ’. ಅದರ ಕೆಳಗೆ, ಏನಾದರೂ ಸಂಭವಿಸಿದರೆ ಶಾಲೆ ಹೊಣೆಯಲ್ಲವೆಂಬ ಒಕ್ಕಣೆ, ಪೋಷಕರ ಸಹಿಗೆ ಜಾಗ. ನನ್ನ ಹಳೆಯ ಚಾಳಿ ನಿಮಗೆ ಗೊತ್ತೇ ಇದೆ. ಕೆಂಪು ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಬರೆದೆ: ‘ದೋಣಿ ನಡೆಸುವವರು ಯಾರು? ಅವರಿಗೆ ಪರವಾನಗಿ ಇದೆಯೇ?’ ಮಗನಿಗೆ ಮುಜುಗರವಾಯಿತು. “ಅಪ್ಪ, ಎಲ್ಲರೂ ಸಹಿ ಮಾಡಿ ಕಳುಹಿಸಿದ್ದಾರೆ. ಇಂಥ ಪ್ರಶ್ನೆ ಯಾರು ಕೇಳುತ್ತಾರೆ?” ಎಂದ. ಯಾರೂ ಕೇಳುವುದಿಲ್ಲವೆಂಬುದೇ ನನ್ನ ತಕರಾರು.

ನದಿಯೂ ಇಲ್ಲದ, ಕಡಲೂ ಇಲ್ಲದ ಬಾಗಲಗುಂಟೆಯಲ್ಲಿ ಕುಳಿತು ಮೇಷ್ಟ್ರು ದೋಣಿಯ ಮಾತನಾಡುತ್ತಿದ್ದಾರಲ್ಲ ಎಂದು ನೀವು ನಗಬಹುದು. ಆದರೆ ಇಲ್ಲಿಂದ ಎಂಟನೇ ಮೈಲಿಗೆ ಆಟೋ ಹತ್ತಿದರೂ ಚಾಲಕನ ಸೀಟಿನ ಹಿಂದೆ ಅವನ ಭಾವಚಿತ್ರ, ಹೆಸರು, ಪರವಾನಗಿಯ ವಿವರಗಳಿರುವ ಫಲಕ ಇರಬೇಕೆಂಬುದು ನಿಯಮ. ಕೆಟ್ಟು ನಿಂತರೆ ಇಳಿದು ನಡೆಯಬಹುದಾದ ವಾಹನಕ್ಕೆ ಇಷ್ಟು ಕಟ್ಟುನಿಟ್ಟು! ಇಳಿದು ನಡೆಯಲು ನೆಲವೇ ಇಲ್ಲದ ಕಡೆ ನಾವು ಟಿಕೇಟು ಕೊಂಡು, ಹೆಸರು ಕೂಡ ಕೇಳದೆ, ಮಕ್ಕಳನ್ನು ಎತ್ತಿ ಕೂರಿಸುತ್ತೇವೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರಿಗೆ ತಿಳಿದಿರಬಹುದು. ಅಲ್ಲಿ ಹಣ ಪಡೆದು ಆರು ಜನರವರೆಗೆ ಮಾತ್ರ ಒಯ್ಯುವ ಚಿಕ್ಕ ದೋಣಿಯ ಕಪ್ತಾನನಿಗೂ ಕರಾವಳಿ ಕಾವಲು ಪಡೆಯ ಪರವಾನಗಿ ಬೇಕು. ಅದಕ್ಕೆ 360 ದಿನಗಳ ಜಲಾನುಭವ, ವೈದ್ಯಕೀಯ ತಪಾಸಣೆ, ಪ್ರಥಮ ಚಿಕಿತ್ಸೆಯ ತರಬೇತಿ, ಪರೀಕ್ಷೆ ಇಷ್ಟೂ ಅಗತ್ಯ. ಐದು ವರ್ಷಕ್ಕೊಮ್ಮೆ ನವೀಕರಣ. ಗೆಳೆಯರನ್ನು ಸುಮ್ಮನೆ ಕರೆದೊಯ್ಯುವವನಿಗೆ ಈ ಪರವಾನಗಿಯ ಕಟ್ಟಿಲ್ಲ. ಹಣ ಮುಟ್ಟಿದೊಡನೆ ಕಟ್ಟು ಬೀಳುತ್ತದೆ. ಎಷ್ಟು ಸರಳವಾದ ನ್ಯಾಯ!

ನಮ್ಮಲ್ಲಿ ಕಾನೂನಿಲ್ಲವೆಂದು ಭಾವಿಸಬೇಡಿ. 1917ರಲ್ಲಿ ಬ್ರಿಟಿಷರು ಮಾಡಿದ ಒಳನಾಡು ಹಡಗುಗಳ ಕಾಯ್ದೆಯಲ್ಲೇ ಯಂತ್ರದೋಣಿಯ ಸೆರಾಂಗನಿಗೂ ಎಂಜಿನ್ ಚಾಲಕನಿಗೂ ಅರ್ಹತಾಪತ್ರ ಇರಬೇಕೆಂಬ ವಿಧಿಯಿತ್ತು. ಅದನ್ನು ತೆಗೆದು 2021ರಲ್ಲಿ ಹೊಸ ಕಾಯ್ದೆ ತಂದರು. ಅದರಲ್ಲೂ ಸಿಬ್ಬಂದಿಯ ಅರ್ಹತೆಗೆ ಪ್ರತ್ಯೇಕ ಅಧ್ಯಾಯವಿದೆ. ನೂರು ವರ್ಷದ ಕಾನೂನು ಕಾಗದದ ಮೇಲಿದೆ, ದೋಣಿ ನೀರಿನ ಮೇಲಿದೆ. ಇವೆರಡೂ ಭೇಟಿಯಾಗುವುದು ಶವಗಳನ್ನು ದಡಕ್ಕೆ ತಂದ ಮೇಲೆ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ 22 ಜನ ಮುಳುಗಿದರು. ಅದು ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿದ್ದು, ನಡೆಸುತ್ತಿದ್ದವನಿಗೆ ಪರವಾನಗಿಯೇ ಇರಲಿಲ್ಲವೆಂದು ಆಮೇಲೆ ಹೊರಬಿತ್ತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. 2007ರ ಫೆಬ್ರವರಿಯಲ್ಲಿ ಕೇರಳದ ತಟ್ಟೇಕಾಡಿನಲ್ಲಿ 15 ಮಕ್ಕಳು, ಮೂವರು ಶಿಕ್ಷಕರು. ಈ ಕೊನೆಯ ಎರಡು ಸುದ್ದಿಗಳನ್ನು ನಾನು ಪೂರ್ತಿ ಓದಲಾರದೆ ಹೋದೆ. ಪ್ರವಾಸದ ಹಾಜರಿ ಪುಸ್ತಕ ಹಿಡಿದವರ ಕೈ ಹೇಗಿರುತ್ತದೆಂದು ನನಗೆ ಗೊತ್ತು.

ಈ ದುರಂತಗಳ ವರದಿಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಮಾತು ಒಂದೇ: ಮಿತಿಗಿಂತ ಹೆಚ್ಚು ಜನ. ಕೂಡಲೇ ನಾವು ‘ಜನಕ್ಕೆ ಬುದ್ಧಿಯಿಲ್ಲ’ ಎನ್ನುತ್ತೇವೆ. ಲೈಫ್ ಜಾಕೆಟ್ ಕಡ್ಡಾಯವೆಂಬ ಫಲಕ ನೆಡುತ್ತೇವೆ. ಹೆಚ್ಚು ಜನ ಹತ್ತಿದ್ದು ದೋಣಿಯವನಿಗೆ ಕಾಣಲಿಲ್ಲವೇ? ಖಂಡಿತ ಕಂಡಿರುತ್ತದೆ. ದೋಣಿ ಎಷ್ಟು ಬೆರಳು ತಗ್ಗಿತೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನಿಗಿಲ್ಲದ್ದು ಕಣ್ಣಲ್ಲ, ಬಾಯಿ. ದಿನಗೂಲಿಯವನು ದಡದಲ್ಲಿ ನಿಂತು ದುಡ್ಡು ಎಣಿಸುವ ಗುತ್ತಿಗೆದಾರನಿಗೆ ‘ಆಗದು’ ಎಂದರೆ ನಾಳೆ ಆ ಹುಟ್ಟು ಇನ್ನೊಬ್ಬನ ಕೈಗೆ ಹೋಗುತ್ತದೆ. ಪರವಾನಗಿಯೆಂದರೆ ಜಾಣ್ಮೆಯ ಪ್ರಮಾಣಪತ್ರ ಮಾತ್ರವೆಂದು ತಿಳಿದವರು ಅರ್ಧ ತಿಳಿದಿದ್ದಾರೆ. ಅದು ಮಾಲೀಕ ಕೊಡದ, ಮಾಲೀಕ ಕಿತ್ತುಕೊಳ್ಳಲಾಗದ ಒಂದು ಸ್ವತ್ತು. ‘ಸ್ವಾಮಿ, ಇನ್ನೊಬ್ಬರನ್ನು ಹತ್ತಿಸಿದರೆ ನನ್ನ ಪರವಾನಗಿ ಹೋಗುತ್ತದೆ’ ಎಂದು ಹೇಳಬಲ್ಲವನು, ಅವನ ಬದಲಿಗೆ ಪರವಾನಗಿಯಿಲ್ಲದವನನ್ನು ಕೂರಿಸಲಾಗದೆಂದು ಮಾಲೀಕನಿಗೂ ಗೊತ್ತಿದ್ದರೆ, ಆಗ ದೋಣಿಗೊಬ್ಬ ಯಜಮಾನ ಇದ್ದಾನೆ ಎನ್ನಬಹುದು. ಸಿಗಂದೂರಿಗೆ ಹೋಗುವ ಶರಾವತಿ ಹಿನ್ನೀರಿನ ಲಾಂಚು ನೆನಪಿದೆಯೇ? 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಅದೇ ಆ ಸೀಮೆಯ ಜನಕ್ಕೆ ದಾರಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಜನ ಗೊಣಗುತ್ತಿದ್ದರು, ಕಾಯುತ್ತಿದ್ದರು. ಅದು ಸರ್ಕಾರಿ ಲಾಂಚು. ಬೇಡವೆನ್ನಲು ಅಲ್ಲೊಂದು ಅಧಿಕಾರವಿತ್ತು.

ಈಗ ನನ್ನ ತಪ್ಪೊಪ್ಪಿಗೆ. ಎಂಬತ್ತರ ದಶಕದ ಕೊನೆಯಲ್ಲಿ ಒಂಬತ್ತನೆಯ ತರಗತಿಯವರನ್ನು ಮಲೆನಾಡಿನ ಪ್ರವಾಸಕ್ಕೆ ಕರೆದೊಯ್ದಿದ್ದೆ. ಸ್ಥಳದ ಹೆಸರು ಬೇಡ. ನಿಮ್ಮಲ್ಲಿ ಅಂದು ಬಂದಿದ್ದವರಿಗೆ ಗೊತ್ತು. ಸಂಜೆ ಹಿನ್ನೀರು ದಾಟಬೇಕಿತ್ತು. ವಯಸ್ಸಾದ ಅಂಬಿಗರೊಬ್ಬರು ನಮ್ಮ ಗುಂಪನ್ನು ನೋಡಿ, “ಎರಡು ಸಲ ಆಗ್ತದೆ ಮೇಷ್ಟ್ರೇ” ಎಂದರು. ದಡದಲ್ಲಿದ್ದ ಗುತ್ತಿಗೆಯವನು, ಕತ್ತಲಾಗುತ್ತದೆ, ಒಂದೇ ಸಲಕ್ಕೆ ಹೊಡೆ ಎಂದ. ಅಂಬಿಗರು ನನ್ನ ಮುಖ ನೋಡಿದರು. ಆಚೆ ದಡದಲ್ಲಿ ಬಸ್ಸಿನವನು ಹಾರನ್ ಬಾರಿಸುತ್ತಿದ್ದ. ನಾನು, “ಆಗುತ್ತೆ ಬಿಡಿ, ಮಕ್ಕಳು ತಾನೆ, ಹಗುರ” ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ನಡುನೀರಿನಲ್ಲಿ ದೋಣಿಯ ಅಂಚಿಗೂ ನೀರಿಗೂ ಒಂದು ಗೇಣು ಅಂತರವೂ ಇರಲಿಲ್ಲ. ನೀವೆಲ್ಲ ಹಾಡುತ್ತಿದ್ದಿರಿ. ಆಚೆ ದಡ ಮುಟ್ಟಿದ ಮೇಲೆ ನಾನು ತಲೆ ಎಣಿಸಿದೆ, ಲೆಕ್ಕ ಸರಿಯಿತ್ತು. ಈಗಲೂ ಮದುವೆಮನೆಗಳಲ್ಲಿ ಸಿಕ್ಕಿದಾಗ ಆ ಪ್ರವಾಸ ಎಷ್ಟು ಚೆನ್ನಾಗಿತ್ತು ಸಾರ್ ಎನ್ನುತ್ತೀರಿ. ಬಲ್ಲವರೊಬ್ಬರು ಆಗದು ಎಂದಾಗ ಬಾಯಿ ಮುಚ್ಚಿಸಿದವನು ನಾನೇ ಎಂದು ಇಷ್ಟು ವರ್ಷ ಹೇಳಿರಲಿಲ್ಲ.

ಪರವಾನಗಿ ಎಂದರೆ ಲಂಚಕ್ಕೆ ಇನ್ನೊಂದು ಬಾಗಿಲು ಎನ್ನುವವರಿದ್ದಾರೆ. ಇರಬಹುದು. ಹಾಗೆಂದು ಬಸ್ಸಿನ ಚಾಲಕನಿಗೆ ಪರವಾನಗಿಯೇ ಬೇಡವೆಂದು ಯಾರೂ ಹೇಳಿಲ್ಲವಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ತಲಕಾಡಿನಲ್ಲೋ ಹಂಪಿಯಲ್ಲೋ ತಲೆಮಾರುಗಳಿಂದ ಹರಿಗೋಲು ಹಾಕುವವನಿಗೆ ಯಾವ ಕಚೇರಿಯ ಯಾವ ಗುಮಾಸ್ತ ಪರೀಕ್ಷೆ ಮಾಡಬೇಕು? ಅಂಬಿಗರ ಚೌಡಯ್ಯನವರ ಕುಲಕಸುಬಿಗೆ ಇಂಗ್ಲಿಷಿನ ಅರ್ಜಿ ತುಂಬಿಸುವುದು ಅವಮಾನವೇ ಸರಿ. ಆದ್ದರಿಂದ ಪರೀಕ್ಷೆ ನೀರಿನ ಮೇಲಾಗಲಿ, ಕನ್ನಡದಲ್ಲಿ ಬಾಯಿಮಾತಿನಲ್ಲಾಗಲಿ, ಅನುಭವಿ ಅಂಬಿಗರೇ ಪರೀಕ್ಷಕರಾಗಲಿ. ಸುಳಿ ಎಲ್ಲಿದೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಏನು ಮಾಡುತ್ತೀ, ಮಗು ಬಿದ್ದರೆ ಹೇಗೆ ಎತ್ತುತ್ತೀ ಎಂದು ಕೇಳಲಿ. 2021ರ ಕಾಯ್ದೆ ಯಂತ್ರವಿಲ್ಲದ ದೋಣಿಗಳ ನೋಂದಣಿಯನ್ನು ಪಂಚಾಯಿತಿ ಮಟ್ಟಕ್ಕೂ ಒಯ್ಯಲು ದಾರಿ ಮಾಡಿದೆ. ದೋಣಿಯ ಜೊತೆಗೆ ದೋಣಿಯವನ ಹೆಸರನ್ನೂ ಅಲ್ಲೇ ಬರೆಯಲು ಅಡ್ಡಿಯೇನು? ಬಲ್ಲವನು ಉತ್ತೀರ್ಣನಾಗುತ್ತಾನೆ. ರಜೆಯ ದಿನ ನಾಲ್ಕು ಕಾಸಿಗೆಂದು ಹುಟ್ಟು ಹಿಡಿದ ಹದಿನೈದರ ಹುಡುಗ ಅನುತ್ತೀರ್ಣನಾಗುತ್ತಾನೆ, ಆಗಲಿ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರು, ಕೆಲವರು ಮುಖ್ಯೋಪಾಧ್ಯಾಯರು, ಒಬ್ಬಿಬ್ಬರು ತಹಸೀಲ್ದಾರರೂ ಇದ್ದೀರಿ. ಪ್ರವಾಸದ ಕಡತಕ್ಕೆ ಸಹಿ ಹಾಕುವ ಮೊದಲು ದೋಣಿಯವನ ಪರವಾನಗಿಯ ನಕಲು ತರಿಸಿಕೊಳ್ಳಿ. ತರಲಿಲ್ಲವೆಂದರೆ ದೋಣಿ ಬಿಟ್ಟು ಮೃಗಾಲಯ ತೋರಿಸಿ.

ಮೊಮ್ಮಗಳ ಶಾಲೆಯಿಂದ ನಿನ್ನೆ ದೂರವಾಣಿ ಬಂದಿತ್ತು. ‘ವಿಚಾರಿಸಿ ತಿಳಿಸುತ್ತೇವೆ’ ಎಂದಿದ್ದಾರೆ. ಆ ಮಗು ನನ್ನ ಮೇಲೆ ಮುನಿಸಿಕೊಂಡು ಊಟಕ್ಕೂ ಪಕ್ಕದಲ್ಲಿ ಕೂರುತ್ತಿಲ್ಲ.

ಅಂದು ನಮ್ಮೊಡನೆ ಬಂದಿದ್ದವರಲ್ಲಿ ಯಾರಿಗಾದರೂ ಆ ಅಂಬಿಗರ ಹೆಸರು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ನಾನು ಕೇಳಿರಲಿಲ್ಲ.