ಎಂಜಿನ್ ಬದಲಿಸುವವರು ಕಾರ್ಬುರೇಟರಿನ ಮೋಹ ಬಿಡಲಿ

ಹಳೆಯ ವಾಹನವನ್ನು ಗುಜರಿಗೆ ಹಾಕದೆ, ಸವೆದ ಎಂಜಿನ್ ಇಳಿಸಿ ಬೇರೊಂದನ್ನು ಕೂಡಿಸಿ ಇನ್ನಷ್ಟು ವರ್ಷ ಓಡಿಸುವುದು ಮಲೆನಾಡಿಗೆ ಹೊಸದಲ್ಲ. ಇದ್ದುದನ್ನು ಎಸೆಯದೆ ಬಾಳಿಸುವ ಈ ಗುಣ ಪರಿಸರಕ್ಕೆ ಒಪ್ಪುವಂಥದೇ. ಆದರೆ ಈ ಒಳ್ಳೆಯ ಗುಣದ ಮರೆಯಲ್ಲಿ ಒಂದು ತಪ್ಪು ವಾದ ಬೆಳೆದು ನಿಂತಿದೆ: ‘ಫ್ಯುಯೆಲ್ ಇಂಜೆಕ್ಷನ್ ಕಂಪನಿಯವರ ತಂತ್ರ, ಕಾರ್ಬುರೇಟರ್ ಜನರ ತಂತ್ರ, ಕಾಡುದಾರಿಯಲ್ಲಿ ಕೆಟ್ಟು ನಿಂತರೆ ಒಂದು ಸ್ಕ್ರೂಡ್ರೈವರ್ ಸಾಕು.’ ಪರಿಸರದ ಹೆಸರು ಹೇಳುವವರೂ ಇದಕ್ಕೆ ತಲೆದೂಗುತ್ತಿರುವುದರಿಂದ ಈ ವಾದವನ್ನು ಒರೆಗೆ ಹಚ್ಚುವುದು ಅಗತ್ಯ.

ಮಲೆನಾಡಿನ ಬಹುಪಾಲು ಜೀಪುಗಳು ಡೀಸೆಲ್ ಗಾಡಿಗಳು; ಇಲ್ಲಿಯ ಮಾತು ಅವುಗಳದಲ್ಲ, ಹಳೆಯ ಪೆಟ್ರೋಲ್ ಜಿಪ್ಸಿಗಳದು. ಮಾರುತಿ ಜಿಪ್ಸಿ 1985ರಲ್ಲಿ 970 ಸಿ.ಸಿ. ಎಂಜಿನ್ನಿನೊಡನೆ ಬಂತು. 1996ರಲ್ಲಿ 1298 ಸಿ.ಸಿ.ಯ ಜಿಪ್ಸಿ ಕಿಂಗ್ ಬಂದಾಗಲೂ ಇಂಧನ ಉಣಿಸುತ್ತಿದ್ದುದು ಕಾರ್ಬುರೇಟರೇ. ಶಕ್ತಿ ಸುಮಾರು 60 ಅಶ್ವಶಕ್ತಿ. 2000ದ ಹೊತ್ತಿಗೆ ಅದೇ ಗಾತ್ರದ ಎಂಜಿನ್ನಿಗೆ ಎಂ.ಪಿ.ಎಫ್.ಐ., ಅಂದರೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದು, ಶಕ್ತಿ ಸುಮಾರು 80ಕ್ಕೆ ಏರಿತು. ಹಳೆಯ 970 ಸಿ.ಸಿ. ಎಂಜಿನ್ ಕೈಕೊಟ್ಟವರು ಗುಜರಿಯ ಎಸ್ಟೀಮ್ ಕಾರಿನ 1298 ಸಿ.ಸಿ. ಎಂಜಿನ್ ಹುಡುಕುವುದು ರೂಢಿ. ಅದು ಎರಡು ರೂಪದಲ್ಲೂ ಸಿಗುತ್ತದೆ. ಕೆಲವರಂತೂ ಇಂಜೆಕ್ಷನ್ ಎಂಜಿನ್ ತಂದು, ಅದರ ವೈರು, ಸೆನ್ಸಾರುಗಳನ್ನೆಲ್ಲ ಕಿತ್ತು, ಮೇಲೊಂದು ಹಳೆಯ ಕಾರ್ಬುರೇಟರ್ ಕೂರಿಸುತ್ತಾರೆ. ಬೆಟ್ಟದ ಸೀಮೆಯಲ್ಲಿ ಇದಕ್ಕಿಂತ ಅವಿವೇಕದ ಆಯ್ಕೆ ಬೇರೊಂದಿಲ್ಲ.

ಕಾರಣ ಗಾಳಿಯಲ್ಲೇ ಇದೆ. ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಬೇಕು. ಕಾರ್ಬುರೇಟರಿನ ಜೆಟ್ಟಿನ ರಂಧ್ರ ಒಮ್ಮೆ ಕೊರೆದದ್ದು. ಊರು ಯಾವುದೆಂದು ಅದಕ್ಕೆ ತಿಳಿಯದು. ಮಂಗಳೂರಿನ ಕಡಲತಡಿಗೆ ಹೊಂದಿಸಿದ ಗಾಡಿ 1000 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 9ರಷ್ಟು ಇಳಿದಿರುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಇಳಿಕೆ ಸುಮಾರು ಶೇ 17. ಗಾಳಿ ತೆಳುವಾದಷ್ಟು ಪ್ರಮಾಣದಲ್ಲಿ ಪೆಟ್ರೋಲ್ ಕಡಮೆಯಾಗುವುದಿಲ್ಲ. ಮಿಕ್ಕ ಪೆಟ್ರೋಲ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗಿ, ಉರಿಯದ ಹೈಡ್ರೋಕಾರ್ಬನ್ ಆಗಿ ಹೊರಬೀಳುತ್ತದೆ. ಗಾಡಿ ಅತಿ ಹೆಚ್ಚು ಇಂಧನ ಕುಡಿಯುವುದು ಏರಿನಲ್ಲಿ. ಕಾರ್ಬುರೇಟರ್ ತಪ್ಪು ಲೆಕ್ಕ ಹಾಕುವುದೂ ಅಲ್ಲಿಯೇ. ಇಂಜೆಕ್ಷನ್ ವ್ಯವಸ್ಥೆಯಲ್ಲಾದರೋ ಒಳಬರುವ ಗಾಳಿಯನ್ನೂ ಹೊರಹೋಗುವ ಹೊಗೆಯಲ್ಲುಳಿದ ಆಮ್ಲಜನಕವನ್ನೂ ಸೆನ್ಸಾರುಗಳು ಅಳೆಯುತ್ತವೆ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ಇಂಧನವನ್ನು ತಿದ್ದುತ್ತದೆ.

ಇಳಿಜಾರಿನ ಲೆಕ್ಕವೂ ಹೀಗೆಯೇ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಗೇರಿನಲ್ಲಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ಸಾಮಾನ್ಯ ಕಾರ್ಬುರೇಟರ್ ಇಳಿಜಾರಿನುದ್ದಕ್ಕೂ ಪೆಟ್ರೋಲ್ ಸೋರಿಸುತ್ತಲೇ ಇರುತ್ತದೆ. ಕಡಿದಾದ ತೋಟದ ದಾರಿಯಲ್ಲಿ ಗಾಡಿ ವಾಲಿದಾಗ ಫ್ಲೋಟ್ ಬಟ್ಟಲಿನ ಮಟ್ಟ ತಪ್ಪಿ, ಎಂಜಿನ್ ಪೆಟ್ರೋಲಿನಲ್ಲಿ ಮುಳುಗುವುದು ಇಲ್ಲವೆ ಬಾಯಾರಿ ನಿಲ್ಲುವುದು ಯಾವ ಚಾಲಕನಿಗೆ ತಿಳಿಯದು? ‘ಕಾಡಿಗೆ ಕಾರ್ಬುರೇಟರೇ ನಂಬಿಕಸ್ಥ’ ಎನ್ನುವವರು ಇದಕ್ಕೆ ಉತ್ತರಿಸಬೇಕು.

ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಸಂಗತಿ ಇನ್ನೂ ಗಂಭೀರ. ಗಾಳಿ–ಪೆಟ್ರೋಲಿನ ಪ್ರಮಾಣ ಸರಿಯಾದ ಮಟ್ಟದ ಸಮೀಪದಲ್ಲೇ ನಿಂತರೆ ಮಾತ್ರ ಅದು ಪೂರ್ತಿ ಕೆಲಸ ಮಾಡೀತು. ಕಾನೂನಿನ ಅಳತೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಎಮಿಷನ್ ಟೆಸ್ಟಿನಲ್ಲಿ ಹಳೆಯ ಪೆಟ್ರೋಲ್ ಗಾಡಿಗೆ ಶೇ 3ರವರೆಗೆ ಕಾರ್ಬನ್ ಮಾನಾಕ್ಸೈಡ್ ಸಲ್ಲುತ್ತದೆ. ಭಾರತ್ ಸ್ಟೇಜ್ 2ರ ಗಾಡಿಗೆ ಶೇ 0.5 ಮಾತ್ರ. ಹಳೆಯ ಜಿಪ್ಸಿ ಸಡಿಲ ಅಳತೆಯಲ್ಲಿ ಪಾಸಾಯಿತೆಂದರೆ ಅದರ ಹೊಗೆ ನಿರಪಾಯಕಾರಿ ಎಂದಾಗಲಿಲ್ಲ. ಅದೂ ಗಾಡಿಯನ್ನು ನಿಲ್ಲಿಸಿಕೊಂಡು ಮಾಡುವ ಪರೀಕ್ಷೆ. ಘಟ್ಟ ಏರುವಾಗಿನ ಹೊಗೆಯನ್ನು ಅದು ಕಾಣುವುದೇ ಇಲ್ಲ.

ಇನ್ನು ಸ್ವಾವಲಂಬನೆಯ ವಾದ. ಇದರಲ್ಲಿ ಸತ್ಯಾಂಶವಿದೆ. ಸ್ಥಳೀಯ ಮೆಕ್ಯಾನಿಕ್ಕನ ಕೈಗೆ ದಕ್ಕದ ಯಂತ್ರ ಹಳ್ಳಿಯನ್ನು ಪರಾವಲಂಬಿಯಾಗಿಸುತ್ತದೆ. ಆದರೆ ಈ ಸತ್ಯದಿಂದ ಹೊರಡಬೇಕಾದ ಬೇಡಿಕೆ ಯಾವುದು? ರಿಪೇರಿಯ ಮಾಹಿತಿ, ವೈರಿಂಗ್ ನಕ್ಷೆ, ಬಿಡಿಭಾಗಗಳು ಎಲ್ಲರಿಗೂ ಸಿಗಲಿ ಎಂಬುದೋ, ಹೊಗೆ ಕುಡಿಯುವ ಹಕ್ಕು ಉಳಿಯಲಿ ಎಂಬುದೋ? ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅದನ್ನು ಹಿಡಿದು ಕಂಪನಿಗಳನ್ನು ಕೇಳಬೇಕು, ಮಲೆನಾಡಿನ ಐ.ಟಿ.ಐ.ಗಳಲ್ಲಿ ಸೆನ್ಸಾರು ಪರೀಕ್ಷಿಸುವುದನ್ನು ಕಲಿಸಿರೆಂದು ಒತ್ತಾಯಿಸಬೇಕು. ಮೊಬೈಲ್ ಬಿಚ್ಚಿ ರಿಪೇರಿ ಮಾಡುವ ಹಳ್ಳಿಯ ಹುಡುಗರಿಗೆ ಇದು ಎಟುಕದ ವಿದ್ಯೆಯೇನಲ್ಲ. ಅಜ್ಞಾನವನ್ನೇ ಸ್ವಾವಲಂಬನೆ ಎಂದು ಕರೆಯುವುದು ಆತ್ಮವಂಚನೆ.

ಇಂಜೆಕ್ಷನ್ ಆರಿಸಿಕೊಂಡವರೂ ಅರ್ಧ ಕೆಲಸಕ್ಕೆ ನಿಲ್ಲಬಾರದು. ಕಾರ್ಬುರೇಟರಿಗೆ ಮೂರು ನಾಲ್ಕು ಪಿ.ಎಸ್.ಐ. ಒತ್ತಡ ಸಾಕು, ಇಂಜೆಕ್ಷನ್ನಿಗೆ ಸುಮಾರು 40 ಬೇಕು. ಹಳೆಯ ಪಂಪು, ಹಳೆಯ ರಬ್ಬರ್ ಪೈಪುಗಳಲ್ಲಿ ಈ ಒತ್ತಡ ಹಾಯಿಸಿದರೆ ಬೆಂಕಿಯ ಅಪಾಯ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತಿರುವ ಈ ಕಾಲದಲ್ಲಿ ಅದನ್ನು ತಾಳುವ ಪೈಪುಗಳೇ ಬೇಕು. ಇಂಧನ ಪಂಪು, ಟ್ಯಾಂಕಿಗೆ ಮರಳುವ ಪೈಪು, ಇ.ಸಿ.ಯು., ಪೂರ್ತಿ ವೈರಿಂಗ್, ಆಕ್ಸಿಜನ್ ಸೆನ್ಸಾರು, ಕ್ಯಾಟಲಿಟಿಕ್ ಕನ್ವರ್ಟರ್ ಇವೆಲ್ಲವೂ ಎಂಜಿನ್ನಿನೊಡನೆಯೇ ಬರಬೇಕು. ಕನ್ವರ್ಟರನ್ನು ಗುಜರಿಗೆ ಮಾರಿ ಇಂಜೆಕ್ಷನ್ ಹಾಕಿಸಿದೆನೆಂದು ಹೇಳಿಕೊಳ್ಳುವುದು ವ್ಯರ್ಥ. ಕನ್ವರ್ಟರ್ ಬಹಳ ಬಿಸಿಯೇರುವುದರಿಂದ ಅದಕ್ಕೆ ತಗಡಿನ ರಕ್ಷಣೆ ಇರಲಿ. ಬೇಸಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದು ಬೇಡವೇ ಬೇಡ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಎಂಜಿನ್ ಕೊಳ್ಳುವ ಮೊದಲೇ ಆರ್.ಟಿ.ಒ. ಕಚೇರಿಯ ಅನುಮತಿ ಪಡೆಯುವುದು ಕ್ಷೇಮ.

ಕೊನೆಯದಾಗಿ, ಈ 80 ಅಶ್ವಶಕ್ತಿ ಯಾರಿಗಾಗಿ? ಅಡಿಕೆ ಮೂಟೆ ಹೊರಲು, ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಎಂಜಿನ್ ಬದಲಿಸುವವನ ಮುಂದೆ ಯಾರ ತಕರಾರೂ ಇಲ್ಲ. ಪಟ್ಟಣದಿಂದ ಬಂದು ಶೋಲಾ ಅಂಚಿನ ಹುಲ್ಲುಗಾವಲನ್ನು ಚಕ್ರದಡಿ ಸೀಳಿ, ಸಾಹಸವೆಂದು ಬೀಗುವವರ ಗಾಡಿಗೆ ಎಷ್ಟು ಶುದ್ಧ ಎಂಜಿನ್ ಇದ್ದರೂ ಅದು ಬೆಟ್ಟದ ಶತ್ರುವೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಯಾವ ಕನ್ವರ್ಟರೂ ಅದನ್ನು ತಡೆಯಲಾರದು. ಆದ್ದರಿಂದ ಅಗತ್ಯಕ್ಕಷ್ಟೇ ಓಡಲಿ, ಓಡುವ ಗಾಡಿ ಲೆಕ್ಕವಿಟ್ಟು ಇಂಧನ ಉರಿಸಲಿ. ಘಟ್ಟದ ಗಾಳಿಯನ್ನು ಉಸಿರಾಡುವವರು ಗಾಡಿಯ ಮಾಲೀಕರಷ್ಟೇ ಅಲ್ಲ ಎಂಬುದನ್ನು ಗ್ಯಾರೇಜಿನ ಬಾಗಿಲಲ್ಲೇ ನೆನೆಯುವುದು ಒಳಿತು.