ಸ್ಟಾರ್ ಹೋಟೆಲಿನ ಊಟವೂ ನಮ್ಮ ಪಂಕ್ತಿಯೂ

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸಲಹೆ ಬಂತು. ಈ ಸಲದ ರಾಜ್ಯೋತ್ಸವದ ಊಟವನ್ನು ಎಂದಿನಂತೆ ಶಾಲೆಯ ಅಂಗಳದಲ್ಲಿ ಎಲೆ ಹಾಕಿ ಬಡಿಸುವ ಬದಲು ಬೇಗಂಪೇಟೆಯ ಸುತ್ತಮುತ್ತಲಿನ ಯಾವುದಾದರೊಂದು ಸ್ಟಾರ್ ಹೋಟೆಲಿನಲ್ಲಿ ಇಟ್ಟುಕೊಳ್ಳಬೇಕಂತೆ. ಕಾರಣಗಳೂ ಸಿದ್ಧವಾಗಿದ್ದುವು. ಮಕ್ಕಳಿಗೆ ಎಲೆಯ ಮುಂದೆ ಕೂರುವುದು ಬೇಸರ. ಬಡಿಸಲು ಯುವಕರು ಸಿಕ್ಕುವುದಿಲ್ಲ. ಬೇರೆಯವರೆಲ್ಲ ದೊಡ್ಡ ಹೋಟೆಲುಗಳಲ್ಲಿ ಸೇರುತ್ತಿರುವಾಗ ನಾವು ಮಾತ್ರ ಹಿಂದೆ ಬೀಳಬೇಕೆ? ಹನ್ನೊಂದು ತಲೆಗಳಲ್ಲಿ ಹತ್ತು ಆಡಿದುವು. ಆಡದೆ ಉಳಿದದ್ದು ನನ್ನದು. “ನಿಮ್ಮ ತಕರಾರನ್ನು ಬರೆದುಕೊಡಿ, ಪತ್ರಿಕೆಯಲ್ಲಿ ಹಾಕೋಣ” ಎಂದರು ಅಧ್ಯಕ್ಷರು, ಸಭೆ ಬೇಗ ಮುಗಿಯಲೆಂದು. ಹೇಳಿದ್ದು ಹೇಗೇ ಇರಲಿ, ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ಹೋಟೆಲುಗಳ ವೈರಿಯಲ್ಲ. 1979ರಲ್ಲಿ ಬ್ಯಾಂಕಿನ ಕೆಲಸದ ಮೇಲೆ ತೀರ್ಥಹಳ್ಳಿ ಕಡೆಯಿಂದ ಈ ಊರಿಗೆ ಬಂದಾಗ ನನ್ನನ್ನು ಸಾಕಿದ್ದೇ ಹೋಟೆಲುಗಳು. ಅಬಿಡ್ಸ್‌ನ ತಾಜ್‌ಮಹಲ್ ಹೋಟೆಲಿನ ಇಡ್ಲಿ, ಇರಾನಿ ಅಂಗಡಿಗಳ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತು, ಭಾನುವಾರದ ಬಿರಿಯಾನಿ (ಮನೆಯಲ್ಲಿ ತಿಳಿಸಿರಲಿಲ್ಲ), ಇವುಗಳ ಋಣ ಈ ಜನ್ಮದಲ್ಲಿ ತೀರುವಂಥದಲ್ಲ. ಮದುವೆಯಾದ ಮೇಲೂ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಸಹೋದ್ಯೋಗಿಗೆ ಕೊಟ್ಟು ಹೊಸ ಹೋಟೆಲು ಹುಡುಕಿಕೊಂಡು ಹೋದವನು ನಾನು. ದೊಡ್ಡ ಹೋಟೆಲಿನ ಊಟವನ್ನೂ ಉಂಡಿದ್ದೇನೆ, ಮೆಚ್ಚಿದ್ದೂ ಉಂಟು. ಆದುದರಿಂದ ಇದನ್ನು ಕೈಗೆಟುಕದ ದ್ರಾಕ್ಷಿಯ ಮಾತೆಂದು ತಳ್ಳಿಹಾಕಬಾರದೆಂದು ವಿನಂತಿ.

ಹೋದ ಚಳಿಗಾಲದಲ್ಲಿ ನನ್ನಾಕೆಯ ಹುಟ್ಟುಹಬ್ಬಕ್ಕೆಂದು ಅಳಿಯ ನಮ್ಮನ್ನು ಒಂದು ಭಾರಿ ಜಾಗಕ್ಕೆ ಕರೆದುಕೊಂಡು ಹೋದ. ಹೆಸರು ಬೇಡ. ಒಳಗೆ ಎದುರು ಕೂತವರ ಮುಖ ಕಾಣದಷ್ಟು ಮಂದ ಬೆಳಕು. ಊಟ ಏಳು ಕಂತುಗಳಲ್ಲಿ. ಒಂದಾದ ಮೇಲೊಂದು ತಟ್ಟೆ ತರುವ ಈ ಪದ್ಧತಿ ರಷ್ಯದಿಂದ ಹೊರಟು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಮೇಜುಗಳನ್ನೆಲ್ಲ ಹಿಡಿಯಿತು. ಅಲ್ಲಿನ ಚಳಿಯಲ್ಲಿ ಎಲ್ಲವನ್ನೂ ಒಮ್ಮೆಗೇ ಮೇಜಿನ ಮೇಲೆ ಇಟ್ಟರೆ ಆರಿಹೋಗುತ್ತದೆ, ಸರಿ. ಅನ್ನದ ಜೊತೆ ಹುಳಿ, ಹುಳಿಯ ಜೊತೆ ಪಲ್ಯ, ನಡುನಡುವೆ ಉಪ್ಪಿನಕಾಯಿಗೆ ಬೆರಳು ತಾಗಿಸುತ್ತ ಉಣ್ಣುವ ನಮಗೆ ಅದನ್ನು ಬಿಡಿಬಿಡಿಯಾಗಿ ಕೊಟ್ಟರೆ ಹಾಡನ್ನು ಒಂದೊಂದೇ ಸ್ವರವಾಗಿ ಕೇಳಿಸಿದ ಹಾಗೆ. ನಾಲ್ಕನೆಯ ಕಂತಿನಲ್ಲಿ ಕರಿಯ ಕಲ್ಲಿನ ಮೇಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಬಿಲ್ಲೆಗಳು ಬಂದುವು. ಪಕ್ಕದಲ್ಲಿ ಬದನೆಕಾಯಿಯ ಒಂದು ಚುಕ್ಕೆ. ಬಡಿಸುವ ಹುಡುಗ ಇಂಗ್ಲಿಷಿನಲ್ಲಿ ಒಂದು ಪುಟ್ಟ ಭಾಷಣ ಮಾಡಿದ. ನಿಧಾನವಾಗಿ ಅರ್ಥವಾಯಿತು: ಇದು ಜೋಳದ ರೊಟ್ಟಿ, ಎಣ್ಣೆಗಾಯಿ!

ನನ್ನಾಕೆ ಕಲಬುರಗಿಯವಳು. “ನಮ್ಮವ್ವ ಇದನ್ನ ನೋಡಿದ್ರ, ಕೂಸಿಗೆ ಆಡ್ಲಿಕ್ಕೆ ಕೊಟ್ಟಾರೇನು ಅಂತಿದ್ಲು” ಎಂದಳು. ಹುಡುಗ ಬೆಚ್ಚಿ ನೋಡಿದ. ಆಮೇಲೆ ಮೇಲ್ವಿಚಾರಕ ದೂರ ಹೋಗುವವರೆಗೆ ಕಾದು, ಬಗ್ಗಿ, “ಯಾವೂರ್ರೀ ಅಮ್ಮ ನಿಮ್ದು? ನಾ ಸೇಡಂ ಕಡ್ಯಾಂವ್ರಿ” ಎಂದ. ಅಲ್ಲಿಂದ ಮುಂದೆ ಇಂಗ್ಲಿಷ್ ನಿಂತಿತು. “ಇಲ್ಲಿ ಯಾರೂ ರೊಟ್ಟಿ ಬಡಿಯೂದಿಲ್ರಿ. ಲಟ್ಟಿಸಿ ವಾಟಿಲೆ ಕೊರೀತಾರ.” ನೀನು ಎಲ್ಲಿ ಊಟ ಮಾಡುತ್ತೀ ಎಂದು ಕೇಳಿದೆ. ಕೆಲಸ ಮುಗಿದ ಮೇಲೆ ರಸ್ತೆ ಬದಿಯಲ್ಲಿ ರೊಟ್ಟಿ ಬಡಿಯುವ ತೆಲುಗು ಹೆಂಗಸಿನ ಹತ್ತಿರವಂತೆ. ಬಿಸಿ ರೊಟ್ಟಿ, ಖಾರ, ಒಂದು ಉಳ್ಳಾಗಡ್ಡಿ.

ಆ ದಿನ ನಾಲ್ವರಿಗೆ 9,000 ರೂಪಾಯಿಗೆ ಮೇಲೆ ಬಿಲ್ಲಾಯಿತು. ದುಡ್ಡು ಅಳಿಯನದು, ನನಗೇನು ನೋವಿಲ್ಲ. ನೋವಾದದ್ದು ಬೇರೆಯದಕ್ಕೆ. ಸೇಡಂ ಕಡೆಯ ಹುಡುಗ ಕಲಬುರಗಿಯ ಹೆಂಗಸಿಗೆ ಜೋಳದ ರೊಟ್ಟಿಯ ವಿಚಾರವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಬೇಕಾಯಿತು; ರೊಟ್ಟಿ ಬಲ್ಲವನು ರೊಟ್ಟಿಯಲ್ಲದ್ದನ್ನು ರೊಟ್ಟಿಯೆಂದು ಬಡಿಸಬೇಕಾಯಿತು.

ಇದು ನಡೆದದ್ದು ಯಾವ ಊರಿನಲ್ಲಿ? ಕಲಬುರಗಿ, ಬೀದರ, ರಾಯಚೂರು 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದನ್ನು ರಾಜಧಾನಿಯೆಂದು ಕರೆಯುತ್ತಿದ್ದುವು. ಜೋಳವನ್ನು ಅಧ್ಯಯನ ಮಾಡುವ ಇಕ್ರಿಸ್ಯಾಟ್ ಸಂಸ್ಥೆ 1972ರಿಂದ ಪಟಾನ್‌ಚೆರುವಿನಲ್ಲಿದೆ. ಸಿರಿಧಾನ್ಯಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ರಾಜೇಂದ್ರನಗರದಲ್ಲಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳಕ್ಕೆ ‘ಮಿಲೆಟ್’ ಎಂಬ ಪಟ್ಟ ಸಿಕ್ಕಿತು, ಪಟ್ಟದ ಜೊತೆಗೆ ಬೆಲೆಯೂ ಏರಿತು. ಸಂಜೆಯಾದರೆ ಈ ಊರಿನ ಎಷ್ಟೋ ರಸ್ತೆಗಳ ಅಂಚಿನಲ್ಲಿ ಒಲೆ ಹೊತ್ತಿಸಿ ಜೊನ್ನ ರೊಟ್ಟೆ ಬಡಿಯುವ ಹೆಂಗಸರಿಗೆ ಮಾತ್ರ ಆ ಪಟ್ಟದ ಸುದ್ದಿ ಮುಟ್ಟಿಲ್ಲ. ಅವರ ಪುಂಟಿಕೂರ ನಮ್ಮ ಪುಂಡಿಪಲ್ಲೆಯೇ, ಅವರ ಖಾರ ನಮ್ಮ ಹಿಂಡಿಯ ಅಕ್ಕತಂಗಿ.

ಆ ಹೆಂಗಸರ ಕೈಯಲ್ಲಿರುವುದು ಸಣ್ಣ ವಿದ್ಯೆಯಲ್ಲ. ಗೋಧಿಯ ಜಿಗುಟು ಜೋಳಕ್ಕಿಲ್ಲ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಕುದಿಯುವ ನೀರು ಹಾಕಿ, ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ಬಡಿಯುತ್ತ ಬಡಿಯುತ್ತ ತಿರುಗಿಸಿ, ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬಬೇಕು. ನನ್ನ ಅತ್ತೆಯವರು ಬಡಿಯುವ ಸದ್ದು ಕೇಳಿಯೇ ಹಿಟ್ಟು ಹೇಗಿದೆ ಎಂದು ಹೇಳುತ್ತಿದ್ದರು. ಈ ಕೈಗೆ ಹಣ ಕೊಡುವುದಾದರೆ ನಾನು 9,000 ಅಲ್ಲ, ಇನ್ನೂ ಹೆಚ್ಚು ಕೊಟ್ಟೇನು. ನಾವು ಕೊಟ್ಟದ್ದು ಕಲ್ಲಿನ ತಟ್ಟೆಗೆ, ಮಂದ ಬೆಳಕಿಗೆ, ಇಂಗ್ಲಿಷ್ ಭಾಷಣಕ್ಕೆ.

ಇಲ್ಲಿ ನಾನೂ ಒಬ್ಬ ಅಪರಾಧಿ. ಮದುವೆಯಾದ ಹೊಸತರಲ್ಲಿ “ಇದೇನು ರೊಟ್ಟಿಯೋ, ಹಪ್ಪಳವೋ?” ಎಂದು ಹೆಂಡತಿಯನ್ನು ಗೇಲಿ ಮಾಡಿದ ಮಲೆನಾಡಿನ ಮೂರ್ಖ ನಾನೇ. ಅವಳು ಎಷ್ಟೋ ವರ್ಷ ಅತಿಥಿಗಳು ಬಂದರೆ ರೊಟ್ಟಿಯ ಡಬ್ಬಿಯನ್ನು ಮರೆಮಾಡಿ ಪೂರಿ ಕರಿಯುತ್ತಿದ್ದಳು. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಹೀಗಾಗಿಲ್ಲ, ಕೈ ಎತ್ತಿ! ಮನೆಯಲ್ಲಿ ಮುಚ್ಚಿಟ್ಟದ್ದನ್ನು ಹೋಟೆಲಿನವನು ಬಿಲ್ಲೆ ಮಾಡಿ ಮಾರಿದಾಗ ನಮಗೆ ಕೋಪ ಬರುವುದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ.

ಹಾಗಾದರೆ ಒಳ್ಳೆಯ ಹೋಟೆಲು ಎಂದರೆ ಯಾವುದು? ದೂರ ಹೋಗಬೇಕಾಗಿಲ್ಲ. ಉಡುಪಿ ಸೀಮೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಕಾಫಿ ಕ್ಲಬ್ ತೆರೆದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಬಂದರು. ತಂದದ್ದೇನು? ಮೇಜುವಸ್ತ್ರವನ್ನಲ್ಲ, ಫ್ರೆಂಚ್ ಹೆಸರುಗಳನ್ನಲ್ಲ. ಪಾತ್ರೆಗಳನ್ನು ಬಿಸಿ ಹಬೆಯಲ್ಲಿ ಶುದ್ಧಿ ಮಾಡುವ ಶಿಸ್ತನ್ನು. ಗಿರಾಕಿ ಅಡುಗೆಮನೆಯನ್ನು ಕಣ್ಣಾರೆ ಕಂಡು ಊಟಕ್ಕೆ ಕೂರಲಿ ಎಂಬ ಧೈರ್ಯ ಅವರಿಗಿತ್ತು. ಕಾಫಿ ಬೆಳ್ಳಿಯ ಲೋಟದಲ್ಲಿ ಬರುತ್ತಿತ್ತು. ಅದೇ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂ.ಟಿ.ಆರ್. ಯುದ್ಧಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತೆಂಬುದು ಎಲ್ಲರೂ ಬಲ್ಲ ಸಂಗತಿ. ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಯ ಬೆಲೆಯನ್ನು ಕೆಳಕ್ಕೆ ಕಟ್ಟಿಹಾಕಿದಾಗ ಅವರು ಗುಣ ಇಳಿಸಲಿಲ್ಲ. ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೂಗುಹಾಕಿದರು, ಕಡೆಗೆ ಬಾಗಿಲನ್ನೇ ಮುಚ್ಚಿದರು. ‘ಫೈನ್ ಡೈನಿಂಗ್’ ಎಂದು ಈಗ ಯಾವುದನ್ನು ಕರೆಯುತ್ತಾರೋ ಅದರ ಎದುರಿಗೆ ನಾನು ಆ ಹಲಗೆಯನ್ನು ಇಡುತ್ತೇನೆ.

ನಮ್ಮ ಹಿರಿಯ ಸದಸ್ಯರೊಬ್ಬರು ಸಭೆಯಲ್ಲಿ ಗಟ್ಟಿಯಾದ ಆಕ್ಷೇಪವನ್ನೇ ಎತ್ತಿದರು. “ಎಲೆ, ಪಂಕ್ತಿ ಎಂದು ಹಾಡಿ ಹೊಗಳಬೇಡಿ. ಆ ಪಂಕ್ತಿಯಲ್ಲಿ ನನ್ನ ಅಪ್ಪನಿಗೆ ಜಾಗವಿರಲಿಲ್ಲ. ಹೋಟೆಲಿನಲ್ಲಿ ಇತ್ತು” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಅದು ಸತ್ಯ. ಮಯ್ಯರ ಅಂಗಡಿಯ ಮೊದಲ ಹೆಸರೇ ಬ್ರಾಹ್ಮಣ ಕಾಫಿ ಕ್ಲಬ್; ಅದು ಹೋಗಿ ಈಗಿನ ಹೆಸರು ಬಂದದ್ದು 1960ರಲ್ಲಿ. ಹಳೆಯ ಹೋಟೆಲುಗಳಲ್ಲಿ ಬೇರೆ ಕೋಣೆ, ಬೇರೆ ಲೋಟ ಇದ್ದುವು. ಆದರೂ ನಮ್ಮ ಮನೆಗಳು ಮಾಡಲಾರದ ಕೆಲಸವನ್ನು ಹೋಟೆಲು ನಿಧಾನವಾಗಿ ಮಾಡಿತು: ಕಾಸು ಕೊಟ್ಟವನು ಯಾರೇ ಆಗಲಿ, ಪಕ್ಕದ ಕುರ್ಚಿಯಲ್ಲಿ ಕುಳಿತ. ಗುಮಾಸ್ತ, ರಿಕ್ಷಾದವನು, ವಕೀಲ, ಮೂವರಿಗೂ ಒಂದೇ ಸಾಂಬಾರು. ನಾನು ಹೋಟೆಲನ್ನು ಪ್ರೀತಿಸುವುದು ಇದಕ್ಕಾಗಿಯೇ. ಈಗಿನ ಭಾರಿ ಜಾಗಗಳು ಕಿತ್ತುಹಾಕುತ್ತಿರುವುದೂ ಇದನ್ನೇ. ಅಂದು ಜಾತಿ ಕೇಳಿ ಸಾಲು ಬೇರೆ ಮಾಡಿದರು, ಇಂದು ಜೇಬು ನೋಡಿ ಬೇರೆ ಮಾಡುತ್ತಾರೆ. ನಮ್ಮ ಸಂಘದಲ್ಲಿ ಕಟ್ಟಡದ ಕೆಲಸಕ್ಕೆಂದು ಬೀದರಿನಿಂದ ಬಂದ ಕುಟುಂಬಗಳಿವೆ, ಸಾಫ್ಟ್‌ವೇರಿನವರೂ ಇದ್ದಾರೆ. ತಲೆಗೆ 2,000 ರೂಪಾಯಿಯ ಟಿಕೆಟ್ಟು ಇಟ್ಟರೆ ಯಾರು ಬರುತ್ತಾರೆ, ಯಾರು “ಊರಿಗೆ ಹೋಗಿದ್ದೆವು” ಎಂದು ಸುಳ್ಳು ಹೇಳುತ್ತಾರೆ, ಲೆಕ್ಕ ಹಾಕಿ.

ದೊಡ್ಡ ಹೋಟೆಲೆಂದರೆ ಎಲ್ಲವೂ ಬೂಟಾಟಿಕೆ ಎನ್ನಲಾರೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ತಾಜ್‌ನವರು 1990ರಲ್ಲಿ ತೆರೆದ ‘ಕರಾವಳಿ’ಯನ್ನು ನೋಡಿ. ಕರಾವಳಿಯ ಮನೆಗಳಿಗೆ ಹೋಗಿ ಹೆಂಗಸರಿಂದ ಕಲಿತು, ನೀರು ದೋಸೆಯನ್ನು ನೀರು ದೋಸೆಯಾಗಿಯೇ ಬಡಿಸಿದರು. ನರೇನ್ ತಿಮ್ಮಯ್ಯನವರಂಥ ಬಾಣಸಿಗರು ಅಲ್ಲಿ ದಶಕಗಳ ಕಾಲ ದುಡಿದರು. ದುಬಾರಿಯೇ, ಆದರೆ ಹಣ ಅಡುಗೆಗೆ ಸಂದಿದೆ. ಕಲಬುರಗಿಯ ಅಡುಗೆಗೆ ಅಂಥ ವಿನಯದಿಂದ ಯಾರಾದರೂ ಬರಲಿ, ನಾನೇ ಮೊದಲ ಗಿರಾಕಿ.

ಇನ್ನು ಸರ್ವಿಸ್ ಎಂಬುದರ ಬಗ್ಗೆ. ನಮ್ಮ ಬಿಲ್ಲಿನ ಕೊನೆಯಲ್ಲಿ ಶೇಕಡಾ 10 ಸೇವಾ ಶುಲ್ಕ ಕುಳಿತಿತ್ತು. ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು; ಹೋಟೆಲಿನವರ ಸಂಘಗಳು ನ್ಯಾಯಾಲಯಕ್ಕೆ ಹೋದುವು; 2025ರ ಮಾರ್ಚಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ನಾನು ಕೇಳಿದ ಮೇಲೆ ಅದನ್ನು ತೆಗೆದರು, ಮುಖ ಗಂಟುಹಾಕಿಕೊಂಡು. ಇದರಲ್ಲಿ ನಿನಗೆಷ್ಟು ಬರುತ್ತದೆ ಎಂದು ಸೇಡಂನ ಹುಡುಗನನ್ನು ಕೇಳಿದ್ದಕ್ಕೆ ಅವನು ನಕ್ಕ, ಅಷ್ಟೆ. ಅವನ ಕೈಗೇ ಕೊಟ್ಟುಬಂದೆವು.

ಪಂಕ್ತಿಯಲ್ಲಿ ಬಡಿಸುವವನಿಗೆ ಶುಲ್ಕವಿಲ್ಲ. ಅವನು ಬಗ್ಗಿ “ಇನ್ನೊಂದು ಸ್ವಲ್ಪ” ಎನ್ನುತ್ತಾನೆ, ನೀವು ಎಲೆಗೆ ಕೈ ಅಡ್ಡ ಹಿಡಿಯುತ್ತೀರಿ, ಅವನು ಬೆರಳ ಸಂದಿಯಲ್ಲೇ ಹಾಕಿ ಓಡುತ್ತಾನೆ. ಇದು ಉಪಚಾರ. ಯುವಕರು ಬಡಿಸಲು ಬರುವುದಿಲ್ಲ ಎನ್ನುತ್ತೀರಿ. ಕರೆದಿದ್ದೀರಾ? ನನ್ನ ಮೊಮ್ಮಗ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡು ಎಂದರೆ ನಾಚುತ್ತಾನೆ. ಹೋದ ವರ್ಷ ಕೋಸಂಬರಿಯ ಪಾತ್ರೆ ಕೈಗೆ ಕೊಟ್ಟು ಸಾಲಿಗೆ ಬಿಟ್ಟೆವು. “ಅಜ್ಜಿ, ಹಾಕ್ಲಾ?” ಎಂದು ನೂರು ಸಲ ಕೇಳಿದ. ಬಫೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದರೆ ಯಾರೊಡನೆ ಮಾತಾಡುತ್ತಿದ್ದ?

ನನ್ನ ಬದಲಿ ಸಲಹೆ ಇದು. ಊಟ ಶಾಲೆಯ ಅಂಗಳದಲ್ಲೇ ಇರಲಿ, ಅಡುಗೆ ಮಾತ್ರ ಈ ಸಲ ಉತ್ತರದ್ದಾಗಲಿ. ಇಷ್ಟು ವರ್ಷ ಬಿಸಿಬೇಳೆಬಾತನ್ನೇ ಕರ್ನಾಟಕ ಎಂದುಕೊಂಡದ್ದು ಸಾಕು. ನನ್ನಾಕೆಯೂ ಅವಳ ಮೂವರು ಗೆಳತಿಯರೂ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಒಪ್ಪಿಕೊಂಡಿದ್ದಾರೆ. ನಮ್ಮ ಬೀದಿಯ ತಿರುವಿನಲ್ಲಿ ರೊಟ್ಟಿ ಬಡಿಯುವ ಇಬ್ಬರು ಹೆಂಗಸರೊಡನೆ ಮಾತಾಡಿದ್ದೇನೆ. ಅಂಗಳದಲ್ಲೇ ಒಲೆ ಹೂಡಿ ಬಡಿದುಕೊಡುತ್ತಾರೆ, ಕೂಲಿಯನ್ನು ಅವರು ಹೇಳಿದಷ್ಟು ಕೊಡಬೇಕು, ಚೌಕಾಸಿ ಕೂಡದು. ಹಿಟ್ಟು ಹಿಂದಿನ ದಿನವೇ ಬೀಸಿದ್ದಿರಬೇಕು, ಅದು ಖಜಾಂಚಿಗಳ ಹೊಣೆ. ಅಧ್ಯಕ್ಷರು ಬಡಿಸಲು ನಿಲ್ಲುವುದಾದರೆ ಉಪ್ಪಿನಕಾಯಿಯ ಬಟ್ಟಲನ್ನು ನಾನು ಹಿಡಿಯುತ್ತೇನೆ. ಮಂಡಿ ನೋವಿದೆ, ಸಾರಿನ ಬಕೆಟ್ಟು ಹೊರಲಾರೆ.