ಹತ್ತು ಕೇಸಿದ್ದರೂ ಶಿಕ್ಷೆ ಯಾಕಾಗಲ್ಲ?

ನಮ್ಮೂರಿನಲ್ಲಿ ಬಾರ್ ಇಲ್ಲ. ಆದರೆ ಅಂಗಡಿಯೊಂದರಲ್ಲಿ ಬೆಳಿಗ್ಗೆ ಆರಕ್ಕೇ 90 ಎಂ.ಎಲ್. ಪ್ಯಾಕೆಟ್ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಜೀಪು ಬಂದು ಚೀಲ ಹೊತ್ತೊಯ್ಯುತ್ತದೆ. ವಾರದೊಳಗೆ ವ್ಯಾಪಾರ ಮತ್ತೆ ಶುರು. ‘ಅವನ ಮೇಲೆ ಹತ್ತು ಕೇಸಿವೆ, ಕೋರ್ಟೇ ಬಿಟ್ಟು ಕಳಿಸುತ್ತೆ’ ಎಂದು ಅರಳಿಕಟ್ಟೆಯಲ್ಲಿ ಕೂತವರು ಬೈಯುತ್ತಾರೆ. ಕಾನೂನು ಓದುತ್ತಿರುವ ನನಗೆ ಇದು ವಿಳಾಸ ತಪ್ಪಿದ ಬೈಗುಳ ಅನ್ನಿಸುತ್ತದೆ.

ಕೇಸು ಬೇರೆ, ಶಿಕ್ಷೆ ಬೇರೆ. ಹತ್ತು ಎಫ್‌ಐಆರ್ ಕೂಡಿಸಿದರೂ ಒಂದು ಶಿಕ್ಷೆಗೆ ಸಮವಲ್ಲ. ಹಿಂದೆ ಶಿಕ್ಷೆಯಾಗಿದೆ ಎಂದು ಹೆಚ್ಚಿನ ಶಿಕ್ಷೆ ಕೇಳಬೇಕಾದರೆ ಅದು ಯಾವತ್ತು, ಎಲ್ಲಿ ಆಯಿತೆಂದು ದೋಷಾರೋಪದಲ್ಲಿ ಬರೆಯಬೇಕು. ಆರೋಪಿ ಒಪ್ಪದಿದ್ದರೆ ತೀರ್ಪಿನ ದೃಢೀಕೃತ ನಕಲನ್ನೋ, ಜೈಲಿನ ಅಧಿಕಾರಿಯ ಪ್ರಮಾಣಪತ್ರವನ್ನೋ ಹಾಜರುಪಡಿಸಬೇಕು. ಅಷ್ಟೂ ಸಾಲದು. ಅಂದು ಶಿಕ್ಷೆಯಾದವನೇ ಇಂದು ಕಟಕಟೆಯಲ್ಲಿ ನಿಂತಿರುವವನು ಎಂದೂ ಸಾಬೀತಾಗಬೇಕು. ಹೋಬಳಿಗೆ ನಾಲ್ಕು ಮಂದಿ ಮಂಜುನಾಥರಿರುವ ನಮ್ಮ ಕಡೆ ಇದನ್ನು ತಾಂತ್ರಿಕ ನೆಪ ಎನ್ನಲಾದೀತೇ? ಠಾಣೆಯ ಪಟ್ಟಿಯೊಂದನ್ನೇ ನಂಬಿ ಶಿಕ್ಷೆ ಹೆಚ್ಚಿಸಿದರೆ, ಸಿಕ್ಕಿಬೀಳುವವನು ಮಾಲೀಕನಲ್ಲ, ದಿನಗೂಲಿಗೆ ಚೀಲ ಹೊರುವ ನಮ್ಮ ವಯಸ್ಸಿನ ಹುಡುಗ.

ಮಾರಾಟ ಸಾಬೀತುಪಡಿಸುವುದು ಇನ್ನೂ ಕಷ್ಟ. ಚೀಲ ಸಿಕ್ಕಿತೆಂದರೆ ಮದ್ಯ ಇಟ್ಟುಕೊಂಡಿದ್ದ ಎಂದಾಯಿತು. ಮಾರಿದ ಎನ್ನಲು ಕೊಂಡವನೋ, ಹಣವೋ, ಕಣ್ಣಾರೆ ಕಂಡವರೋ ಬೇಕು. ಮಾದರಿ ತೆಗೆದು ಮೊಹರು ಹಾಕಿದ್ದು, ಅದೇ ಮೊಹರಿನಲ್ಲಿ ಪ್ರಯೋಗಾಲಯಕ್ಕೆ ಹೋಗಿದ್ದು ಕಾಗದದಲ್ಲಿ ಕಾಣಬೇಕು. ಇದೆಲ್ಲ ಇದ್ದೂ ಕೇಸು ಕುಸಿಯುವುದು ಹೆಚ್ಚಾಗಿ ಪಂಚರಿಂದ. ‘ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು, ನನಗೇನೂ ಗೊತ್ತಿಲ್ಲ’ ಎಂದು ಅವರು ಸಾಕ್ಷಿಕಟ್ಟೆಯಲ್ಲಿ ತಿರುಗಿಬೀಳುತ್ತಾರೆ. ಅಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಅದರ ಮೇಲೇ ಶಿಕ್ಷೆ ಕೊಡಬಹುದು, ನಿಜ. ಆದರೆ ಪಂಚರು ಹೇಳಿದ್ದೇ ಸತ್ಯವಾಗಿದ್ದರೆ ಅಧಿಕಾರಿಯನ್ನು ನಂಬುವುದು ಹೇಗೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆನ್ನುತ್ತದೆ. ಒಳ್ಳೆಯದೇ. ಆದರೂ ಶೋಧಕ್ಕೆ ಕನಿಷ್ಠ ಇಬ್ಬರು ಸ್ವತಂತ್ರ ಸಾಕ್ಷಿಗಳನ್ನು ಕರೆಯಬೇಕು. ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದೂ ಅಪರಾಧ.

ಕೆಪಿಎಸ್‌ಸಿಗೆ ಓದುತ್ತಿರುವ ನನ್ನ ಗೆಳೆಯರು ಪಂಚರಾಗಲು ಹೆದರುತ್ತಾರೆ: ‘ನೌಕರಿಯ ಪೊಲೀಸ್ ವೆರಿಫಿಕೇಷನ್‌ನಲ್ಲಿ ಹೆಸರು ಬಂದರೆ?’ ಸಾಕ್ಷಿಯಾದ ಮಾತ್ರಕ್ಕೆ ಯಾರೂ ಆರೋಪಿಯಾಗುವುದಿಲ್ಲ. ಅಂಗಡಿಯವನ ದ್ವೇಷ, ಕೋರ್ಟಿಗೆ ಅಲೆಯುವ ದಿನಗಳು, ಈ ಭಯಗಳನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಆದರೂ ಕರೆ ಬಂದರೆ ಹೋಗಿ. ಜಪ್ತಿ ನಡೆದ ಜಾಗದಲ್ಲೇ ನಿಂತು ನೋಡಿ, ಪ್ಯಾಕೆಟ್ ಎಣಿಸಿ, ಮಹಜರು ಪೂರ್ತಿ ಓದಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ, ಕೇಳಿದವರು ಎಷ್ಟೇ ದೊಡ್ಡ ಅಧಿಕಾರಿಯಾಗಿರಲಿ.